ಎಲ್ಲರೂ ಬರಲ್ಲ ಅಂದರೆ ಎಷ್ಟು ಎಲೆ?

ಶ್ರೀರಂಗಪಟ್ಟಣದ ಓದುಗರೊಬ್ಬರು ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅದರ ಸಾರ ಇಷ್ಟು. ಮಗನ ಮದುವೆಯ ಬೀಗರ ಔತಣಕ್ಕೆ ಅಡುಗೆಯವರಿಗೆ 400 ಎಲೆ ಹೇಳಿದ್ದರು, ಅದರಲ್ಲಿ 120 ಬೆಂಗಳೂರಿನ ನೆಂಟರ ಲೆಕ್ಕ. ಹಿಂದಿನ ದಿನ ಫೋನ್ ಮಾಡಿ, "ಬೆಂಗಳೂರಿನೋರು ಎಲ್ಲಾರೂ ಬರಲ್ಲ, ನೋಡ್ಕೊಂಡು ಮಾಡಿ" ಎಂದರು. ಅತ್ತಲಿಂದ "ಆಯ್ತು ಬುಡಿ" ಎಂದು ಉತ್ತರ ಬಂತು. ಅಡುಗೆಯವರು 120 ಎಲೆಯನ್ನೂ ಪೂರ್ತಿ ಕಳೆದುಬಿಟ್ಟರು. ಬೆಂಗಳೂರಿನಿಂದ ಬಂದವರು 80 ಜನ. ಕೊನೆಯ ಪಂಕ್ತಿಗೆ ಬರೀ ಸಾರು ಬಡಿಸಬೇಕಾಯಿತು. "ತಪ್ಪು ನನ್ನದೋ, ಅವರದೋ, ಇಲ್ಲಾ ನಮ್ಮ ಭಾಷೆಯದೋ? ಮಕ್ಕಳಿಗಾದರೂ ಇಂಗ್ಲಿಷಿನವರ ಹಾಗೆ ಖಚಿತವಾಗಿ ಮಾತಾಡುವುದನ್ನು ಕಲಿಸಬೇಡವೇ?" ಎಂಬುದು ಅವರ ಪ್ರಶ್ನೆ.

ಮಾನ್ಯರೆ,

ನಿಮ್ಮ ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. "ನೋಡ್ಕೊಂಡು ಮಾಡಿ" ಎಂಬುದು ಅಸ್ಪಷ್ಟ: ಎಷ್ಟು ಕಡಿಮೆ ಮಾಡಬೇಕು ಎಂಬ ಗೆರೆಯೇ ಅದರಲ್ಲಿಲ್ಲ. "ಎಲ್ಲಾರೂ ಬರಲ್ಲ" ಎಂಬುದು ಅಸ್ಪಷ್ಟವಲ್ಲ. ಅದಕ್ಕೆ ಸ್ಪಷ್ಟವಾದ ಎರಡು ಅರ್ಥಗಳಿವೆ, ನೀವು ಒಂದನ್ನು ಹೇಳಿದಿರಿ, ಅವರು ಇನ್ನೊಂದನ್ನು ಕೇಳಿದರು. ಎರಡನ್ನೂ "ಸರಿಯಾಗಿ ಹೇಳಲಿಲ್ಲ" ಎಂಬ ಒಂದೇ ಚೀಲಕ್ಕೆ ಹಾಕಿದರೆ ಮದ್ದು ಸಿಗುವುದಿಲ್ಲ. ಅಸ್ಪಷ್ಟ ಮಾತು ಕೇಳಿದವನಿಗೆ ತನಗೆ ಗೊತ್ತಾಗಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಬೇಕಾದರೆ "ಸ್ವಲ್ಪ ಅಂದ್ರೆ ಎಷ್ಟು?" ಎಂದು ಕೇಳುತ್ತಾನೆ. ಇಬ್ಬಗೆಯ ಮಾತು ಕೇಳಿದವನು ಕೇಳುವುದೇ ಇಲ್ಲ, ಏಕೆಂದರೆ ಅವನಿಗೆ ಎಲ್ಲ ಅರ್ಥವಾಗಿದೆ. ನಿಮ್ಮ ಅಡುಗೆಯವರು ನಿಶ್ಚಿಂತೆಯಿಂದ "ಆಯ್ತು ಬುಡಿ" ಎಂದದ್ದು ಅದಕ್ಕೇ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಳ್ಳುತ್ತೇವೆ. ಮಾರು ಎಂದರೆ ಚಾಚಿದ ಎರಡು ತೋಳಿನ ಉದ್ದ, ಅದು ಯಾರ ತೋಳು ಎಂಬುದರ ಮೇಲೆ ಹೆಚ್ಚುಕಮ್ಮಿಯಾಗುತ್ತದೆ. ಆದರೂ ಜಗಳವಿಲ್ಲ, ಅಳೆಯುವುದು ಕಣ್ಣೆದುರಿಗೇ ನಡೆಯುತ್ತದೆ, ಸಾಲದಿದ್ದರೆ "ಇನ್ನೊಂದು ಮೊಳ ಹಾಕಮ್ಮ" ಎನ್ನಬಹುದು. ಸಾರಿಗೆ "ರುಚಿಗೆ ತಕ್ಕಷ್ಟು ಉಪ್ಪು" ಎಂದರೂ ಹಾಗೆಯೇ, ರುಚಿ ನೋಡಿ ಸರಿಮಾಡಿಕೊಳ್ಳಬಹುದು. ಸರಿಮಾಡಿಕೊಳ್ಳಲು ಹೊತ್ತಿಲ್ಲದ ಕಡೆ ಮಾತ್ರ ಅಸ್ಪಷ್ಟತೆ ಕೈಕೊಡುತ್ತದೆ. ಅಕ್ಕಿಯಾದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಪಾತ್ರೆ ಅನ್ನ ಇಳಿಸಬಹುದು. ಎಲೆಗೆ 200 ಗ್ರಾಂ ಎಂದು ಹಿಡಿದರೂ 80 ಎಲೆಗೆ 16 ಕೆಜಿ ಮಾಂಸವಾಯಿತು, ಅದನ್ನು ನಡುಮಧ್ಯಾಹ್ನ ತಂದು ಬೇಯಿಸಿ ಬಡಿಸಲಾಗದು. ಹಾಗಾಗಿ ಇಂಥ ಕಡೆ "ನೋಡ್ಕೊಂಡು" ಎನ್ನಬಾರದು, ಅಂಕಿ ಹೇಳಬೇಕು: "120ರಲ್ಲಿ 40 ಕಳೀರಿ, ಒಟ್ಟು 360 ಎಲೆ." ಕಳೆದದ್ದನ್ನೂ ಉಳಿದದ್ದನ್ನೂ ಎರಡನ್ನೂ ಹೇಳಿದರೆ ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಬರೀ "ಇನ್ನೂರು" ಎಂದರೆ ಫೋನಿನಲ್ಲಿ "ಇನ್ನು ನೂರು" ಎಂದು ಕೇಳಿಸಿಕೊಂಡವರಿದ್ದಾರೆ.

ಇನ್ನು "ಎಲ್ಲಾರೂ ಬರಲ್ಲ." ಕನ್ನಡದಲ್ಲಿ "ಎಲ್ಲ" ಮತ್ತು "ಇಲ್ಲ" ಒಂದೇ ವಾಕ್ಯದಲ್ಲಿ ಕೂಡಿದರೆ ಒಬ್ಬರೂ ಬರುವುದಿಲ್ಲ ಎಂದೂ ಆಗುತ್ತದೆ, ಕೆಲವರು ಬರುವುದಿಲ್ಲ ಎಂದೂ ಆಗುತ್ತದೆ. ಎದುರಿಗಿದ್ದರೆ "ಎಲ್ಲಾರೂ" ಎಂಬುದನ್ನು ಒತ್ತಿ ಎಳೆದ ರಾಗದಿಂದಲೇ ಯಾವುದು ಎಂದು ತಿಳಿಯುತ್ತದೆ. ಫೋನಿನಲ್ಲಿ, ಅದೂ ಅತ್ತ ಕಡೆ ಒಗ್ಗರಣೆ ಸಿಡಿಯುತ್ತಿರುವಾಗ, ಮೊದಲು ಕಳೆದುಹೋಗುವುದು ರಾಗವೇ. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಗಾದೆಗೂ ಇದೇ ಇಬ್ಬಗೆಯಿದೆ, ಆದರೆ ಬೆಳ್ಳಗಿರುವ ಯಾವುದೂ ಹಾಲಲ್ಲ ಎಂದು ಯಾರೂ ತಿಳಿಯುವುದಿಲ್ಲ, ಹಾಲಿನ ಬಣ್ಣ ನಮಗೆ ಮೊದಲೇ ಗೊತ್ತು. ನಿಮ್ಮ ಬೆಂಗಳೂರಿನ ನೆಂಟರ ವಿಷಯ ಅಡುಗೆಯವರಿಗೆ ಹೇಗೆ ಗೊತ್ತಿರಬೇಕು? ಒಬ್ಬರೂ ಬರದಿದ್ದರೆ "ಯಾರೂ ಬರಲ್ಲ" ಎನ್ನಿ, ಉಳಿದಂತೆ "ಕೆಲವರು ಬರಲ್ಲ" ಎನ್ನಿ. ಅಂದಹಾಗೆ, ಇಂಗ್ಲಿಷಿನಲ್ಲೂ ಈ ಇಬ್ಬಗೆ ಹೀಗೆಯೇ ಇದೆ, ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಅವರ ಗಾದೆಯ ರಚನೆಯೂ ನಮ್ಮದರಂತೆಯೇ. ಭಾಷೆ ಬದಲಿಸಿ ನಿಮಗೆ ಲಾಭವಿಲ್ಲ.

ಒಂದೊಂದು ಭಾಷೆಗೆ ಒಂದೊಂದು ಕಡೆ ತೂತು. ಇಂಗ್ಲಿಷಿಗೆ ನೀನು, ನೀವು ಎಂಬ ಭೇದವಿಲ್ಲ. ನಮ್ಮ "ನಾವು" ಇನ್ನೊಂದು ಬಗೆಯಲ್ಲಿ ಸೋರುತ್ತದೆ. ತಮಿಳು, ತೆಲುಗು, ತುಳುಗಳಲ್ಲಿ ಕೇಳುವವರನ್ನು ಸೇರಿಸಿಕೊಂಡ "ನಾವು" ಬೇರೆ, ಬಿಟ್ಟ "ನಾವು" ಬೇರೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ. "ನಾವು ಶನಿವಾರ ಮೇಲುಕೋಟೆಗೆ ಹೋಗ್ತಿದೀವಿ" ಎಂದು ವಾರಗಿತ್ತಿ ಹೇಳಿದರೆ ಅದು ಕರೆಯೋ, ಬರೀ ಸುದ್ದಿಯೋ? ಎಷ್ಟೋ ಮನೆಗಳ ಮುನಿಸಿನ ಬೇರು ಇಲ್ಲಿದೆ. "ನೀವೂ ಬನ್ನಿ" ಎಂಬ ಎರಡು ಪದ ಸೇರಿಸುವುದೊಂದೇ ದಾರಿ. (ಸಂಪಾದಕರ "ನಾವು" ಇನ್ನೂ ಕೆಟ್ಟದ್ದು, ಅದರಲ್ಲಿ ಎಷ್ಟು ಜನ ಇದ್ದಾರೆಂದು ಕಚೇರಿಯವರಿಗೇ ತಿಳಿಯದು.) "ಅವರು" ಎಂಬುದಂತೂ ಒಬ್ಬ ಹಿರಿಯರೂ ಹೌದು, ಹತ್ತು ಜನರೂ ಹೌದು. ಊಟಕ್ಕೆ "ಅವರೂ ಬರ್ತಾರೆ" ಎಂದರೆ ಎಷ್ಟು ತಟ್ಟೆ ಇಡಬೇಕು?

ಇದಕ್ಕಿಂತ ಮೋಸದ್ದು, "ಇಲ್ಲ" ಸೇರಿಸಿ ಕೇಳಿದ ಪ್ರಶ್ನೆಗೆ "ಹೂಂ" ಎನ್ನುವುದು. "ನಾಳೆ ಬರಲ್ವಾ?" "ಹೂಂ." ಬರುವುದಿಲ್ಲ ಎಂಬುದಕ್ಕೆ ಹೂಂ ಎಂದರೋ, ಬರುತ್ತೇನೆ ಎಂದರೋ? ಉತ್ತರ ಕೊಡುವವರು ಕ್ರಿಯಾಪದವನ್ನೇ ಹೇಳಬೇಕು: "ಬರಲ್ಲ" ಅಥವಾ "ಬತ್ತೀನಿ." ಕೇಳುವವರು "ಬರ್ತೀರಾ?" ಎಂದು ನೇರವಾಗಿ ಕೇಳಿದರೆ ಅರ್ಧ ತೊಂದರೆ ಅಲ್ಲೇ ತೀರಿತು. ಸುದ್ದಿ ಮುಟ್ಟಿಸುವಾಗ ಇನ್ನೊಂದು ಗುಂಡಿ ಇದೆ. "ನಾನು ಬರ್ತೀನಿ ಅಂತ ಹೇಳಿದಾನೆ" ಎಂದರೆ ಬರುವವನು ಅವನೋ, ಹೇಳುತ್ತಿರುವ ನೀವೋ? ಇಲ್ಲಿ "ತಾನು ಬರ್ತೀನಿ ಅಂದ" ಎಂಬ ಹಳೆಯ ದಾರಿಯೇ ಒಳ್ಳೆಯದು, ಇಲ್ಲವೇ ಹೆಸರು ಹೇಳಿ.

ದಿನದ ಲೆಕ್ಕದಲ್ಲಿ ಎಂಟು ದಿನ ಎಂದರೆ ನಮ್ಮಲ್ಲಿ ಒಂದು ವಾರ. ಮಂಗಳವಾರದಿಂದ ಮಂಗಳವಾರಕ್ಕೆ ಎರಡೂ ತುದಿ ಸೇರಿಸಿ ಎಣಿಸುವ ಪದ್ಧತಿ ಅದು, ಹದಿನೈದು ದಿನ ಎಂದರೆ ಎರಡು ವಾರ ಆಗುವುದೂ ಹಾಗೆಯೇ. ಮಾತ್ರೆ ಕೊಳ್ಳುವಾಗ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ ಹದಿನೈದು ಎಂದರೆ ಹದಿನೈದೇ. "ದಿನಕ್ಕೆ ಎರಡು" ಎಂಬುದೂ ಸಾಲದು, ಒಟ್ಟಿಗೆ ಎರಡೋ ಎರಡು ಹೊತ್ತಿಗೋ ಎಂಬ ಅನುಮಾನ ಉಳಿಯುತ್ತದೆ, ಚೀಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ 1-0-1 ಎಂದು ಬರೆಯುವುದು ಅದಕ್ಕೇ. ರಾತ್ರಿ ಗಾಡಿಗಳದ್ದು ಬೇರೆ ಗೋಳು. ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ, ಟಿಕೆಟ್ಟಿನ ದಿನ ನಡುರಾತ್ರಿಗೆ. "ಶುಕ್ರವಾರ ರಾತ್ರಿ ಹನ್ನೆರಡೂಕಾಲಿನ ಗಾಡಿ" ಟಿಕೆಟ್ಟಿನಲ್ಲಿ ಶನಿವಾರದ್ದು.

ಸೈಟಿನ ಮಾತಿಗೆ ಬಂದರೆ, "ಅಲ್ಲಿ ಮೂವತ್ತು ನಲವತ್ತು ಸೈಟು ಇವೆ" ಎಂದು ದಳ್ಳಾಳಿ ಹೇಳಿದರೆ 30ರಿಂದ 40 ಸೈಟುಗಳೋ, 30 ಅಡಿಗೆ 40 ಅಡಿಯ, ಅಂದರೆ 1,200 ಚದರಡಿಯ ಸೈಟುಗಳೋ ಎಂದು ಕೇಳಿಕೊಳ್ಳಿ.

ನಿಮ್ಮ ಜಿಲ್ಲೆಯ ಮಟ್ಟಿಗೆ ಅತಿ ದುಬಾರಿ ಇಬ್ಬಗೆ "ಬಿಡು" ಎಂಬ ಕ್ರಿಯಾಪದದ್ದು. "ನೀರು ಬಿಟ್ಟ ಗದ್ದೆ" ಎಂದರೆ ನೀರು ಹಾಯಿಸಿದ ಗದ್ದೆಯೂ ಆಗಬಹುದು, ನಿಂತ ನೀರನ್ನು ಹೊರಕ್ಕೆ ಬಿಟ್ಟ ಗದ್ದೆಯೂ ಆಗಬಹುದು. ಗೊಬ್ಬರ ಎರಚಲು ಬಂದ ಆಳಿಗೆ ಇದು ದೊಡ್ಡ ವ್ಯತ್ಯಾಸ. "ಕಟ್ಟೆಯಿಂದ ನೀರು ಬಿಟ್ಟರಂತೆ" ಎಂದರೆ ಕೆಆರ್‌ಎಸ್ ಅಣೆಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೋ, ಕಾವೇರಿ ನದಿಗೋ? ಮೊದಲನೆಯದಾದರೆ ರೈತರು ಒಟ್ಲು (ಭತ್ತದ ಸಸಿಮಡಿ) ಹಾಕುತ್ತಾರೆ, ಎರಡನೆಯದಾದರೆ ರಸ್ತೆಗೆ ಇಳಿಯುತ್ತಾರೆ. ಜೊತೆಗೆ "ಹತ್ತು ಸಾವಿರ ಕ್ಯುಸೆಕ್ ಬಿಟ್ಟರು" ಎಂಬುದು ಪ್ರಮಾಣವೇ ಅಲ್ಲ, ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ವೇಗ. ಎಷ್ಟು ಹೊತ್ತು ಹರಿಯಿತು ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ: ಇಡೀ ಒಂದು ದಿನ ಹರಿದರೆ 0.864 ಟಿಎಂಸಿ, ಅಂದರೆ 86.4 ಕೋಟಿ ಘನ ಅಡಿ. ಮಟ್ಟದ ಅಡಿಯೂ ಹಾಗೆಯೇ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49.45 ಟಿಎಂಸಿ. ಆದರೆ ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ 100 ಅಡಿ ಇದೆ ಎಂದರೆ ನೂರಕ್ಕೆ ಎಂಬತ್ತು ಭಾಗ ನೀರಿದೆ ಎಂದಲ್ಲ, ಅದಕ್ಕಿಂತ ಬಹಳ ಕಡಿಮೆ.

ಹಾಗೆಂದು ಮಕ್ಕಳಿಗೆ ಸದಾ ಖಚಿತವಾಗಿ ಮಾತಾಡಲು ಕಲಿಸಿ ಎಂದು ನಾವು ಹೇಳಲಾರೆವು. ಹೆಣ್ಣು ನೋಡಿ ಬಂದವರು "ಮನೇಲಿ ಮಾತಾಡಿ ತಿಳಿಸ್ತೀವಿ" ಎನ್ನುವುದು ಬೇಕೆಂದೇ ಆಡುವ ಅಸ್ಪಷ್ಟ ಮಾತು, ಎರಡೂ ಕಡೆಯವರ ಮುಖ ಉಳಿಸುತ್ತದೆ. ಸಾಲ ಕೇಳಿದವರಿಗೆ "ನೋಡೋಣ" ಎಂದರೆ ಕೊಡುವುದಿಲ್ಲ ಎಂದು ಅವರಿಗೂ ಗೊತ್ತು. ಹೊರಡುವಾಗ "ಬರ್ತೀನಿ" ಎನ್ನದೆ "ಹೋಗ್ತೀನಿ" ಎನ್ನುವ ಮಗುವನ್ನು ಅಜ್ಜಿಯರು ಸುಮ್ಮನೆ ಬಿಡುತ್ತಾರೆಯೇ?

ತಪ್ಪು ಯಾರದು ಎಂಬುದಕ್ಕೆ ನಮ್ಮ ತೀರ್ಮಾನ: ಹೆಚ್ಚಿನ ಪಾಲು ನಿಮ್ಮದು, ಎಲೆ ಲೆಕ್ಕ ಗೊತ್ತಿದ್ದವರು ನೀವು. 120 ಎಲೆ ಒಮ್ಮೆಗೇ ಕಳೆಯುವಾಗ ಮರುಕೇಳದ ಪಾಲು ಅಡುಗೆಯವರದು. ಮುಂದಿನ ಸಲ "ಗೊತ್ತಾಯ್ತಾ?" ಎಂದು ಕೇಳಬೇಡಿ, ಅದಕ್ಕೆ "ಆಯ್ತು" ಬಿಟ್ಟು ಬೇರೆ ಉತ್ತರವಿಲ್ಲ, ಮತ್ತು ಆ "ಆಯ್ತು" ಒಪ್ಪಿದೆ, ಮುಗಿಯಿತು, ಸಾಕು ಮಾಡಿ, ಈ ಮೂರರಲ್ಲಿ ಯಾವುದೂ ಆಗಬಹುದು. "ಎಷ್ಟು ಎಲೆಗೆ ಮಾಡ್ತೀರಿ, ಒಂದ್ಸಲ ಹೇಳಿ" ಎಂದು ಅವರ ಬಾಯಿಂದಲೇ ಅಂಕಿ ಹೊರಡಿಸಿ. ವಿಮಾನದ ಪೈಲಟ್ ಕೂಡ ನೆಲದಿಂದ ಬಂದ ಅಪ್ಪಣೆಯನ್ನು ತಿರುಗಿ ಹೇಳಿಯೇ ಮುಂದುವರಿಯಬೇಕು, ಹೂಂಗುಟ್ಟಿದರೆ ನಡೆಯದು. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ದಿನಾಂಕ, ವಾರ, ಹೊತ್ತು, ಒಟ್ಟು ಎಲೆ, ಬದಲಾಯಿಸಲು ಕೊನೆಯ ಗಡುವು, ಇಷ್ಟನ್ನು ಒಂದೇ ಸಂದೇಶದಲ್ಲಿ ಹಾಕಿ. ಕನ್ನಡ ಅಕ್ಷರದಲ್ಲೇ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರೆ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗಿ ಕಾಣುತ್ತವೆ, ಅಡುಗೆಯವರು ಬೆಲೆ ಕೇಳಿದರೆ ನೀವು ಬೇಳೆ ಕಳಿಸಿಬಿಟ್ಟೀರಿ.

– ಸಂಪಾದಕರು