ಅತ್ತೆ ಬೇಡ ಅಂತಾರೆ, ಪಾಸ್ಟರ್ ಹೆಸರು ಕೊಡು ಅಂತಾರೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಚರ್ಚ್ ಸಭೆಯಿಂದ ನವೆಂಬರಿನಲ್ಲಿ ಎರಡು ವಾರ ಕೀನ್ಯಾದ ಕಿಸುಮು ಊರಿಗೆ ಸೇವೆಗೆ ಹೊರಟಿದ್ದಾರೆ. ಊಟ, ವಸತಿ ಅಲ್ಲಿನ ಸಭೆಯದು. ಟಿಕೆಟಿಗೆ ಸೊಸೈಟಿ ಸಾಲ ತೆಗೆಯಬೇಕು, ಕಡಿಮೆ ಬಿದ್ದರೆ ಚಂದಾ ಎತ್ತು ಅಂದಿದ್ದಾರೆ ಪಾಸ್ಟರ್. ಅತ್ತೆಗೆ ಸಿಟ್ಟು: "ಅಡಿಕೆ ಕೊಯ್ಲು ಬಿಟ್ಟು ಯಾರ ಸೇವೆ ಮಾಡ್ತೀಯ?" ಹೋಗದಿದ್ದರೆ ದೇವರ ಕರೆಗೆ ಓಗೊಡದ ಹಾಗಾಗುತ್ತಾ?

ಉತ್ತರ: ಕರೆಯ ಮಾತು ಆಮೇಲೆ. ನೀವು ಸರ್ಕಾರಿ ನೌಕರರು ಅನ್ನುವುದನ್ನು ಪಾಸ್ಟರ್ ಯೋಚಿಸಿದಂತಿಲ್ಲ. ವಿದೇಶಕ್ಕೆ ಹೋಗಿ ಅಲ್ಲಿನವರ ಖರ್ಚಿನಲ್ಲಿ ಉಣ್ಣುವುದಕ್ಕೆ, ಉಳಿಯುವುದಕ್ಕೆ ಸರ್ಕಾರಿ ನೌಕರರಿಗೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಎಫ್‌ಸಿ-2 ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಿ, ಆಹ್ವಾನ ಪತ್ರ ಮತ್ತು ಇಲಾಖೆಯ ಒಪ್ಪಿಗೆ ಲಗತ್ತಿಸಿ, ಹೊರಡುವ ಎರಡು ವಾರ ಮೊದಲಾದರೂ ಸಲ್ಲಿಸಬೇಕು. ಆ ಎರಡು ವಾರ ನಿಯಮದ ಲೆಕ್ಕ. ಇಲಾಖೆಯ ಕಡತ ಮೇಜಿನಿಂದ ಮೇಜಿಗೆ ಹೋಗುವ ಲೆಕ್ಕ ನಿಮಗೇ ಗೊತ್ತು. ಊಟ-ವಸತಿಯ ದುಡ್ಡನ್ನೂ ನೀವೇ ಕೊಟ್ಟರೆ ಎಫ್‌ಸಿ-2 ಬೇಡ. ಆದರೆ ಇಲಾಖೆಯ ಅನುಮತಿ, ರಜೆ ಎರಡೂ ಬೇಕೇ ಬೇಕು. ಚಂದಾ ಪುಸ್ತಕವನ್ನಂತೂ ಮುಟ್ಟಬೇಡಿ. ಪೂರ್ವಾನುಮತಿ ಇಲ್ಲದೆ ನೌಕರರು ಚಂದಾ ಎತ್ತುವುದು ನಡತೆ ನಿಯಮಕ್ಕೆ ವಿರುದ್ಧ.

ಇನ್ನು, ಅಲ್ಲಿ ನಿಮ್ಮ ಕೈಯಲ್ಲಿ ಮಾಡಿಸುವ ಕೆಲಸ ಏನು? "ಮೆಡಿಕಲ್ ಕ್ಯಾಂಪ್" ಅಂದರೆ ಸಾಲದು. ಕೀನ್ಯಾದ ನರ್ಸಿಂಗ್ ಕೌನ್ಸಿಲ್‌ನ ತಾತ್ಕಾಲಿಕ ಪರವಾನಗಿ ಇಲ್ಲದೆ ನೀವು ಅಲ್ಲಿ ಇಂಜೆಕ್ಷನ್ ಕೊಡುವ ಹಾಗಿಲ್ಲ. ಇಂಥ ಕ್ಯಾಂಪ್‌ಗಳಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಬಿಪಿ ನೋಡುತ್ತಾರೆ, ಒಂದು ತಿಂಗಳ ಮಾತ್ರೆ ಕೊಡುತ್ತಾರೆ, ವಿಮಾನ ಹತ್ತುತ್ತಾರೆ. ಎರಡನೇ ತಿಂಗಳು ಮಾತ್ರೆ ಯಾರು ಕೊಡಬೇಕು? ನಿಮ್ಮ ವಾರ್ಡಿನಲ್ಲಿ ಯಾರಾದರೂ ಹೀಗೆ ಮಾಡಿ ಹೋದರೆ ನೀವೇ ಬೈಯುತ್ತೀರಿ. ಕಿಸುಮುವಿನ ಆರೋಗ್ಯ ಕೇಂದ್ರ ರೋಗಿಗಳ ಪಟ್ಟಿ ಇಟ್ಟುಕೊಳ್ಳುತ್ತದಾ, ನಿಮ್ಮಿಂದ ಏನು ಬೇಕು ಅಂತ ಅಲ್ಲಿನ ನರ್ಸ್‌ಗಳನ್ನು ಯಾರಾದರೂ ಕೇಳಿದ್ದಾರಾ ಎಂದು ಬರಹದಲ್ಲಿ ಉತ್ತರ ತರಿಸಿ. ನಡುವೆ ದುಭಾಷಿ ಬೇಕಾಗುವುದರಿಂದ ನೋಡುವ ರೋಗಿಗಳ ಸಂಖ್ಯೆ ಕಡಿಮೆಯಾಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಅತ್ತೆಯ ಮಾತು ಒರಟು, ಆದರೆ ಸುಳ್ಳಲ್ಲ. ನವೆಂಬರ್ ಎಂದರೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಆಳು ಸಿಗದೆ ಒದ್ದಾಡುವುದು. ಕಿಸುಮುವಿನಲ್ಲೂ ಅದು ಚಿಕ್ಕ ಮಳೆಗಾಲ, ಹಳ್ಳಿಯ ಮಣ್ಣು ರಸ್ತೆ ಕೆಡುವ ಹೊತ್ತು. ದೊಡ್ಡ ಮಳೆ ಮಾರ್ಚಿನಿಂದ ಮೇವರೆಗೆ. ನಡುವಿನ ಫೆಬ್ರವರಿಗೆ ದಿನ ಹಾಕಲು ಹೇಳಿ. ಅಷ್ಟರಲ್ಲಿ ಅನುಮತಿಯೂ ಬಂದೀತು, ಸಾಲವಿಲ್ಲದೆ ಒಂದಿಷ್ಟು ದುಡ್ಡೂ ಕೂಡೀತು. ಮೂರು ತಿಂಗಳು ಕಾಯಲಾರದ ಕರೆ ದೇವರದಲ್ಲ, ಟಿಕೆಟ್ ಬುಕ್ ಮಾಡಿದವರದು. ಆಗುವುದಿಲ್ಲ ಅಂದರೆ ಈ ಸಲ ಬಿಡಿ. ಅನುಮತಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಹೋಗುವುದೇ ಆದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಕೀನ್ಯಾದಿಂದ ಬರುವವರ ಬಳಿ ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಕ್ವಾರಂಟೈನ್. ಅಧಿಕೃತ ಕೇಂದ್ರದಲ್ಲಿ ಮಾತ್ರ ಹಾಕಿಸಿಕೊಳ್ಳಿ. ಹತ್ತು ದಿನ ಕಳೆದ ಮೇಲೆಯೇ ಸರ್ಟಿಫಿಕೇಟ್ ಊರ್ಜಿತ, ಆಮೇಲೆ ಜೀವನಪರ್ಯಂತ. ಗರ್ಭಿಣಿಯಾಗಿದ್ದರೆ, ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಕಿಸುಮು ವಿಕ್ಟೋರಿಯಾ ಸರೋವರದ ದಡದಲ್ಲಿದೆ, ವರ್ಷವಿಡೀ ಮಲೇರಿಯಾ. ಅದನ್ನು ತಡೆಯಲು ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಬಂದ ಮೇಲೂ ನಾಲ್ಕು ವಾರ ದಿನಕ್ಕೊಂದು ನುಂಗಬೇಕು. ಮನೆಗೆ ಬಂದೆವಲ್ಲ ಎಂದು ಬಿಡುವವರೇ ಹೆಚ್ಚು. ಸರೋವರದ ನೀರಿಗೆ ಕಾಲಿಡಬೇಡಿ. ಅದರಲ್ಲಿರುವ ಬಿಲ್‌ಹಾರ್ಜಿಯಾ ಹುಳು ಚರ್ಮ ಕೊರೆದು ಒಳಹೋಗುತ್ತದೆ.

ಬಂದ ಮೇಲೆ ಮೂರು ತಿಂಗಳೊಳಗೆ ಜ್ವರ ಕಾಣಿಸಿದರೆ ಎಚ್ಚರ. ಫೆಬ್ರವರಿ-ಮಾರ್ಚಿನಲ್ಲಿ ಮಲೆನಾಡಿನ ವೈದ್ಯರಿಗೆ ಮೊದಲು ಹೊಳೆಯುವುದು ಮಂಗನ ಕಾಯಿಲೆ. ಕೀನ್ಯಾಕ್ಕೆ ಹೋಗಿ ಬಂದಿದ್ದೇನೆ ಎಂದು ನೀವಾಗಿಯೇ ಹೇಳಿ, ಮಲೇರಿಯಾ ರಕ್ತ ಪರೀಕ್ಷೆಯನ್ನು ಅದೇ ದಿನ ಮಾಡಿಸಿ.