ಹೆಕ್ಕಿದ ಬಸವನಹುಳುವನ್ನು ತೋಡಿಗೆ ಹಾಕಬಹುದೇ?

ಪತ್ರ: ಮಳೆ ಹಿಡಿದಲ್ಲಿಂದ ಮಲ್ಲಿಗೆ, ಬಾಳೆ, ಪಪ್ಪಾಯಿಗೆಲ್ಲ ಕಂದು ಪಟ್ಟೆಯ ದೊಡ್ಡ ಬಸವನಹುಳು ಮುತ್ತಿದೆ. ದಿನಾ ಹೆಕ್ಕಿ ತೋಡಿಗೆ ಎಸೆಯುತ್ತೇವೆ, ಗಿಡದ ಬುಡಕ್ಕೆ ಉಪ್ಪು ಚೆಲ್ಲುತ್ತೇವೆ. ಕಡಿಮೆಯಾಗಿಲ್ಲ.
– ಓದುಗರು, ಶಂಕರಪುರ

ಸಂಪಾದಕರ ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ. ಉಪ್ಪಿನಿಂದ ಹುಳುವಿಗಿಂತ ಮೊದಲು ಮಲ್ಲಿಗೆಯ ಬೇರು ಸಾಯುತ್ತದೆ. ತೋಡಿಗೆ ಹಾಕಿದ್ದು ತೇಲುವ ಸೋಗೆ, ಕಸಕ್ಕೆ ಅಂಟಿಕೊಂಡು ಕೆಳಗಿನವರ ತೋಟ ಸೇರುತ್ತದೆ.

ಇದು ಪೂರ್ವ ಆಫ್ರಿಕದ ಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು. ಗಂಡು, ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ಒಮ್ಮೆ ಕೂಡಿದ್ದು ವೀರ್ಯವನ್ನು ಒಳಗೇ ಕಾದಿರಿಸಿಕೊಂಡು ಮತ್ತೆ ಮತ್ತೆ ನೂರರ ಲೆಕ್ಕದಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ಹೊಸ ತೋಟಕ್ಕೆ ಒಂದೇ ಸಾಕು. ಅದು ಬರುವುದೂ ಹೆಚ್ಚಾಗಿ ನರ್ಸರಿ ತೊಟ್ಟೆ, ಹಟ್ಟಿಗೊಬ್ಬರ, ಮಣ್ಣಿನ ಲೋಡಿನಲ್ಲಿ. ಸಸಿ ತಂದರೆ ತೊಟ್ಟೆಯ ಅಡಿ ತಿರುಗಿಸಿ ನೋಡಿ. ಮೊಟ್ಟೆ ಹಳದಿ ಮಿಶ್ರಿತ ಬಿಳಿ, ಸಾಬಕ್ಕಿ ಗಾತ್ರ.

ಹಿಡಿಯಲು ಸಂಜೆ ಒದ್ದೆ ಗೋಣಿ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ, ಕಾಂಡದ ತುಂಡು ಇಡಿ. ಬೆಳಗ್ಗೆ ಬಿಸಿಲೇರುವ ಮೊದಲು ಹೆಕ್ಕಿ. ಕೈಗವಸು ಬೇಕೇ ಬೇಕು: ಇದರ ಲೋಳೆಯಲ್ಲಿ ‘ಇಲಿಯ ಶ್ವಾಸಕೋಶದ ಹುಳು’ ಎಂಬ ಪರಾವಲಂಬಿಯ ಮರಿಗಳಿರಬಹುದು, ಅವು ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ಅದು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ. ಹಿಡಿದದ್ದನ್ನು ಬಕೆಟಿನ ಗಟ್ಟಿ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ತೋಟದಿಂದ, ಬಾವಿಯಿಂದ ದೂರ ಎರಡಡಿ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಮೆಟ್ಟಿ ಬಿಟ್ಟರೆ ಒಳಗಿನ ಮೊಟ್ಟೆ ಉಳಿಯಬಹುದು.

ತೀರಾ ಹೆಚ್ಚಾದರೆ 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಒಂದು ಲೀಟರ್ ಆಗುವವರೆಗೆ ಕುದಿಸಿ, ಸೋಸಿ. 60 ಗ್ರಾಂ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಬೇರೆ ಒಂದು ಲೀಟರ್‌ನಲ್ಲಿ ಕರಗಿಸಿ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ, ಮೈಲುತುತ್ತು ಅದನ್ನು ತಿನ್ನುತ್ತದೆ. ಹುಳು ಅಡಗುವ ಹುಣಿ, ಕಲ್ಲುಕಟ್ಟೆಗೆ ಮಾತ್ರ ಸಿಂಪಡಿಸಿ. ಮುಡಿಯುವ ಹೂವಿಗೆ ಬೇಡ, ಕೆರೆ ಬದಿಗಂತೂ ಬೇಡವೇ ಬೇಡ. ತಾಮ್ರ ಮೀನನ್ನು ಕೊಲ್ಲುತ್ತದೆ. ಅಂಗಡಿಯವರು ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ವಿಷದ ಗುಳಿಗೆ ಕೊಟ್ಟಾರು. ನಮ್ಮ ಜುಲೈ ಮಳೆಗೆ ಅದು ಕರಗಿ ಹೋಗುತ್ತದೆ, ನಾಯಿ ತಿಂದರೆ ಸಾಯುತ್ತದೆ.

ಮಳೆ ಬಿಟ್ಟ ಮೇಲೆ ಹುಳು ಮಾಯವಾದೀತು. ಸತ್ತಿರುವುದಿಲ್ಲ, ಚಿಪ್ಪಿನ ಬಾಯಿ ಮುಚ್ಚಿಕೊಂಡು ಮುರಕಲ್ಲಿನ ಸಂದಿಯಲ್ಲಿ, ಮಡಲಿನ ರಾಶಿಯಡಿ ಮಲಗಿರುತ್ತದೆ. ಜನವರಿಯಲ್ಲಿ ಆ ರಾಶಿ ತಿರುವಿದರೆ ಅರ್ಧ ಕೆಲಸ ಮುಗಿಯುತ್ತದೆ. ಪಕ್ಕದ ಮನೆಯವರನ್ನೂ ಅದೇ ವಾರ ಕರೆಯಿರಿ, ಬೇಲಿ ಇದಕ್ಕೆ ಲೆಕ್ಕವೇ ಅಲ್ಲ.