ಕೀನ್ಯಾದ ಮೊಂಬಾಸಾ ಕಡೆ ಹೋಗಿ ಎರಡು ವಾರ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಬೇಕು ಅಂತಿದ್ದೀನಿ. ದುಡ್ಡು ತಗೊಂಡು ಹೀಗೆ ಕರೆದುಕೊಂಡು ಹೋಗುವ ಎರಡು ಸಂಸ್ಥೆ ನೋಡಿದ್ದೀನಿ, ಯಾವುದು ಒಳ್ಳೇದು?

ಎರಡೂ ಬೇಡ. ರಜೆ ಹಾಕಿ, ಕೈಯಿಂದ ದುಡ್ಡೂ ಕೊಟ್ಟು, ಮೊಂಬಾಸಾ ಕಡೆ ಎರಡು ವಾರ ಗಿಡ ನೆಡೋಕೆ ಹೊರಟಿದ್ದೀರಲ್ಲ, ನಾನೂ ಹಾಗೇ ಹುಮ್ಮಸ್ಸಿನಲ್ಲಿ ಹೊರಟವನು.

ಆಗ ನಾನು ಮೊಂಬಾಸಾದಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದೆ. ಊರು ಕುಂದಾಪುರ. ಮನೆ ಹಿಂದೆ ಹೊಳೆ, ದಂಡೆ ತುಂಬ ಕಾಂಡ್ಲಾ. ಮ್ಯಾಂಗ್ರೋವ್ ಬಗ್ಗೆ ನನಗೆ ಯಾರು ಹೇಳಿಕೊಡಬೇಕು ಅನ್ನೋ ಜಂಬ ಬೇರೆ. ಒಂದು ಗುಂಪಿನ ಜೊತೆ ಭಾನುವಾರ ಲಿಕೋನಿ ಫೆರ್ರಿ ದಾಟಿ ಕ್ವಾಲೆ ಕಡೆಯ ಒಂದು ಹಳ್ಳಿಗೆ ಹೋದೆವು. ಎಲ್ಲಿ ನೆಡೋಣ ಅಂತ ಮಾತು ಬಂತು. ಜಾಗ ತೋರಿಸಿದ್ದು ನಾನೇ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲಾ ಹಾಳಾಗಿದ್ದು ಇಲ್ಲೇ. ಅವತ್ತು ಅಮಾವಾಸ್ಯೆ. ಬೆಳಿಗ್ಗೆ ಹತ್ತರ ಸುಮಾರಿಗೆ ನೀರು ಪೂರ್ತಿ ಇಳಿದಿತ್ತು. ಕಾಡಿನ ಮುಂದೆ ಸಮುದ್ರದ ಕಡೆಗೆ ಅಷ್ಟು ದೂರ ಬರೀ ಕೆಸರು, ಒಂದು ಗಿಡವೂ ಇಲ್ಲ. ಖಾಲಿ ಇದೆಯಲ್ಲ, ಇಲ್ಲೇ ನೆಡೋಣ ಅಂದೆ. ಕುಂದಾಪುರದ ಲೆಕ್ಕ ನನ್ನದು. ನಮ್ಮಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು. ಅಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ 3 ಮೀಟರ್ ದಾಟುತ್ತದೆ. ಅದಕ್ಕೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬಾಮ್ವುವಾ ಅಂತಾರೆ. ನಾನು ನೋಡಿದ ಕೆಸರು ಬಾಮ್ವುವಾ ಇಳಿತದಲ್ಲಿ ಮಾತ್ರ ಹೊರಗೆ ಕಾಣುವಂಥದ್ದು. ಅಷ್ಟಮಿ ಹೊತ್ತಿಗೆ ನೀರು ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಆ ಜಾಗ ದಿನಗಟ್ಟಲೆ ನೀರಡಿಯಲ್ಲೇ ಇರುತ್ತದೆ. ಕಾಂಡ್ಲಾ ನೀರಿನ ಗಿಡ ನಿಜ, ಆದರೆ ನೀರು ಹತ್ತಿ ಇಳಿದು ಬೇರಿಗೆ ಗಾಳಿ ಸಿಗಬೇಕು. ಸುಮ್ನೆ ಮುಳುಗೇ ಇದ್ದರೆ ಎಳೆ ಗಿಡ ಉಸಿರು ಕಟ್ಟಿ ಸಾಯುತ್ತದೆ.

ಇನ್ನೊಂದು ತಪ್ಪು ಗಿಡದ್ದು. ಕಾಂಡ್ಲಾದಲ್ಲೂ ಬೇರೆ ಬೇರೆ ಜಾತಿ ಇವೆ, ಅಲ್ಲಿ ಸಮುದ್ರದ ಅಂಚಿಗೆ ಬರೋದು ಮ್ಲಿಲಾನಾ. ಅದರ ಹಿಂದೆ ಮ್ಕೋಕೋ, ಆಮೇಲೆ ಮ್ಕಂಡಾ. ನಾವು ನೆಟ್ಟಿದ್ದು ಮ್ಕೋಕೋ. ಯಾಕೆ ಅಂದರೆ ಸುಲಭ. ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ಜೋತುಬಿದ್ದಿರುತ್ತದೆ, ತಂದು ಕೆಸರಿಗೆ ಚುಚ್ಚಿದರೆ ಆಯ್ತು. ಅರ್ಧ ದಿನಕ್ಕೆ ಆರುನೂರು ಚುಚ್ಚಿದೆವು. ಫೋಟೋ ಚೆನ್ನಾಗಿ ಬಂದವು.

ಚಿಪ್ಪು ಆರಿಸುತ್ತಿದ್ದ ಒಬ್ಬ ಹಿರಿಯ ಮಾಮಾ ನಿಂತು ನೋಡಿದರು. (ಅಲ್ಲಿ ಮಾಮಾ ಅಂದರೆ ತಾಯಿ, ನಮ್ಮ ಮಾವ ಅಲ್ಲ!) "ಹಾಪಾ ನಿ ಬಹಾರಿ" ಅಂದರು. ಇದು ಸಮುದ್ರ ಅಂತ. ಹೌದಮ್ಮಾ, ಗೊತ್ತು ಅಂತ ನಕ್ಕೆ. ಇದು ಕಾಡಿನ ಜಾಗ ಅಲ್ಲ ಕಣಪ್ಪ, ಸಮುದ್ರದ್ದು ಅಂತ ಅವರು ಹೇಳಿದ್ದು ತಲೆಗೆ ಹೋಗಲಿಲ್ಲ. ಮೂರು ತಿಂಗಳು ಬಿಟ್ಟು ಹೋದಾಗ ಇಪ್ಪತ್ತೋ ಮೂವತ್ತೋ ಕಡ್ಡಿಗಳು ಉಳಿದಿದ್ದವು. ಮೈತುಂಬ ಬಿಳಿ ಚಿಪ್ಪುಹುಳು. ಒಂದರಲ್ಲೂ ಎಲೆ ಇಲ್ಲ. ಆ ಹೆಂಗಸರು ಚಿಪ್ಪು ಆರಿಸೋಕೆ ಓಡಾಡುವ ದಾರಿಗೇ ನಾವು ಕಡ್ಡಿ ಚುಚ್ಚಿದ್ದೆವು ಅಂತ ಆಗ ಗೊತ್ತಾಯಿತು.

ಹಾಗಾಗಿ ಯಾವ ಸಂಸ್ಥೆ ಅನ್ನೋದು ಪ್ರಶ್ನೆಯೇ ಅಲ್ಲ. ಅಲ್ಲಿ ನೆಡುವ ಕೈಗಳಿಗೆ ಬರ ಇಲ್ಲ, ನಿಮಗಿಂತ ಚೆನ್ನಾಗಿ ನೆಡುವವರು ಊರಲ್ಲೇ ಇದ್ದಾರೆ. ತೊಂದರೆ ಇರೋದು ಕಡಿಯೋದರಲ್ಲಿ. ಕಾಂಡ್ಲಾ ಮರ ಕಡಿಯೋದು ಒಲೆಗೆ ಮತ್ತು ಮನೆಗೆ. ಗೋಡೆಗೂ ಮಾಡಿಗೂ ಬೇಕಾದ ಬೊರಿತಿ ಕಂಬ ಅದರದ್ದೇ, ಮೇಲೆ ತೆಂಗಿನ ಗರಿಯ ಹೊದಿಕೆ, ಮಕೂಟಿ. ಕಂಬಕ್ಕೆ ಬೇರೆ ಮರ ಇಲ್ಲದಿದ್ದರೆ ಕೊಡಲಿ ಕಾಡಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಮೊಂಬಾಸಾದಿಂದ ಸುಮಾರು 50 ಕಿ.ಮೀ. ದಕ್ಷಿಣದ ಗಾಜಿ ಹಳ್ಳಿಯವರು ಇದಕ್ಕೆ ದಾರಿ ಮಾಡಿಕೊಂಡಿದ್ದಾರೆ. ಗಾಜಿ, ಮಕೊಂಗೆನಿ ಎರಡೂ ಊರು ಸೇರಿ ಮಿಕೋಕೋ ಪಮೋಜಾ ಅಂತ ಯೋಜನೆ ನಡೆಸುತ್ತವೆ. ಕಾಂಡ್ಲಾ ಒಟ್ಟಿಗೆ ಅಂತ ಅರ್ಥ. 2013ರಲ್ಲಿ ಶುರುವಾಗಿದ್ದು. ಹೊಸದಾಗಿ ನೆಡೋದಕ್ಕಿಂತ ಇರುವ ಕಾಡು ಕಾಯೋದೇ ಮುಖ್ಯ, ಒಟ್ಟು 117 ಹೆಕ್ಟೇರ್. ಅದರಿಂದ ಬಂದ ಕಾರ್ಬನ್ ಕ್ರೆಡಿಟ್ (ಕಾಡು ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ) ಮಾರಿದ ದುಡ್ಡು ಕುಡಿಯುವ ನೀರಿಗೆ, ಶಾಲೆ ಪುಸ್ತಕಕ್ಕೆ ಹೋಗುತ್ತದೆ. ಕಂಬಕ್ಕೂ ಸೌದೆಗೂ ಆಗಲಿ ಅಂತ ಗಾಳಿಮರ ಬೆಳೆಸಿದ್ದಾರೆ. ನಮ್ಮ ಕರಾವಳಿಯಲ್ಲಿ ಮರಳ ದಂಡೆ ಮೇಲೆ ಇದೆಯಲ್ವಾ, ಅದೇ ಮರ.

ಹೋಗಲೇಬೇಕು ಅಂದರೆ ನೆಂಟರ ಥರ ಹೋಗಿ. ಗಾಜಿಯ ಹೆಂಗಸರು ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ನಡೆಸುತ್ತಾರೆ. ಟಿಕೆಟ್ ತಗೊಳ್ಳಿ, ನಡೆಯಿರಿ, ಅವರು ಮಾಡಿದ ಊಟ ದುಡ್ಡು ಕೊಟ್ಟು ಉಣ್ಣಿ. ತೆಂಗಿನ ಹಾಲಿನ ಅನ್ನ, ಮೀನು. ಕುಂದಾಪುರದವನಿಗೂ ರುಚಿಸಿದೆ, ನಿಮಗೂ ಆಗುತ್ತದೆ. ಹಿರಿಯರು ಸಿಕ್ಕರೆ ಮೊದಲು "ಶಿಕಾಮೂ" ಅನ್ನಿ. ಜೂನ್ ಜುಲೈ ಬೇಡ, ದಕ್ಷಿಣದ ಕಡೆಯಿಂದ ಬೀಸುವ ಕೂಸಿ ಗಾಳಿಗೆ ಸಮುದ್ರ ಒರಟಾಗಿರುತ್ತದೆ, ದೋಣಿಗಳೂ ಜಾಸ್ತಿ ಹೊರಡಲ್ಲ. ಜನವರಿಯಲ್ಲಿ ಹೋಗಿ.